ಕತ್ತಲೆಕಾನಿನಲ್ಲಿ ಟೇಪು ಹಿಡಿದ ದಿನ

ಸ್ನಾತಕೋತ್ತರ ಅಧ್ಯಯನದ ಕೊನೆಯ ವರ್ಷ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನಾನು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಮರಗಳನ್ನು ಅಳೆಯಲು ಹೋಗಿದ್ದೆ. ಶರಾವತಿ ಕಣಿವೆಯ ಈ ಕಾಡಿನ ಹಳ್ಳಗಳಲ್ಲಿ ಕಾಡುಜಾಯಿಕಾಯಿ ಕುಟುಂಬದ ಮರಗಳು ಕೆಸರಿನಲ್ಲಿಯೇ ಬೇರುಬಿಟ್ಟು ನಿಂತಿವೆ. 2000ರಲ್ಲಿ ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ವಿವರಿಸಲಾದ, ಗೇರಿನ ಕುಟುಂಬದ ಸೆಮೆಕಾರ್ಪಸ್ ಮರಕ್ಕೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ; ಅದರ ಎಲೆಯನ್ನಾದರೂ ಕಾಣಬೇಕೆಂಬ ಆಸೆ ಅಳತೆಯ ಕೆಲಸಕ್ಕಿಂತ ದೊಡ್ಡದಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ವಿಧಾನ ಸರಳವಾಗಿತ್ತು. 180 ಮೀಟರ್ ಉದ್ದದ ಹಗ್ಗದ ಗೆರೆಯ ಎರಡೂ ಬದಿಗೆ, 20 ಮೀಟರ್ ಬಿಟ್ಟು 20 ಮೀಟರಿನಂತೆ ಐದು ಚೌಕಗಳು. ಅವುಗಳಲ್ಲಿ 30 ಸೆಂಟಿಮೀಟರ್ ಸುತ್ತಳತೆಗೆ ಮೇಲ್ಪಟ್ಟ ಎಲ್ಲ ಮರಗಳು. ಪೊದೆ ಮತ್ತು ಮರಿಗಿಡಗಳಿಗೆ 5 ಮೀಟರಿನ, ನೆಲಮಟ್ಟದ ಸಸಿಗಳಿಗೆ 1 ಮೀಟರಿನ ಚಿಕ್ಕ ಚೌಕಗಳು. ಮರದ ಸುತ್ತಳತೆಯನ್ನು ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಯಬೇಕು ಎಂದು ಕಲಿತಿದ್ದೆ. ಆದರೆ ಊರುಗೋಲಿನಂತಹ ಬೇರುಗಳ ಮೇಲೆ ನಿಂತ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಕಾಡುಜಾಯಿಕಾಯಿ ಮರಕ್ಕೆ ಆ ಎತ್ತರದಲ್ಲಿ ಕಾಂಡವೇ ಇರುವುದಿಲ್ಲ. ನಾನು ಬೇರುಗಳನ್ನೆಲ್ಲ ಒಟ್ಟಿಗೆ ಸುತ್ತಿ ಟೇಪು ಬಿಗಿದು ಆರು ಮರಗಳಿಗೆ ಭಾರಿ ಸುತ್ತಳತೆ ಬರೆದುಕೊಂಡೆ. ಬೇರುಗಳು ಕಾಂಡ ಸೇರುವ ಜಾಗಕ್ಕಿಂತ ಮೇಲೆ ಅಳೆಯಬೇಕೆಂಬುದು ಮಧ್ಯಾಹ್ನ ನೆನಪಾಗಿ, ಅವನ್ನೆಲ್ಲ ಮತ್ತೆ ಮೊದಲಿಂದ ಅಳೆದೆ.

ಜೊತೆಗೆ ಬಂದಿದ್ದ ಊರಿನ ಅಜ್ಜ ನಗಲಿಲ್ಲ. ಆದರೆ ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದಿದ್ದ ಬೇರೊಂದರ ಮೇಲೆ ನಾನು ಕಾಲೂರಲು ಹೋದಾಗ, "ತಮಾ, ಅದ್ರ ಮೇಲೆ ಕಾಲಿಡಬೇಡ, ಅದು ಮರದ ಮೂಗು" ಎಂದರು. ಅದು ಜಿಮ್ನಾಕ್ರಾಂಥೆರಾ ಕೆನರಿಕಾ, ಅದೇ ಕುಟುಂಬದ ಇನ್ನೊಂದು ಮರ. ಹೆಸರಿನಲ್ಲಿಯೇ ನಮ್ಮ ಕೆನರಾ ಇದೆ. ಗಾಳಿಯಾಡದ ಕೆಸರಿನಲ್ಲಿ ಬೇರು ಉಸಿರಾಡುವುದು ಹೊರಗೆ ಚಾಚಿದ ಈ ಮಂಡಿಗಳ ಮೂಲಕವೇ. ಹತ್ತಿರದಿಂದ ನೋಡಿದಾಗ ಅವುಗಳ ತೊಗಟೆಯ ತುಂಬ ಸಾಸಿವೆ ಕಾಳಿನಷ್ಟು ಚುಕ್ಕೆಗಳಿದ್ದವು, ಗಾಳಿ ಒಳಹೋಗುವ ರಂಧ್ರಗಳು.

ಮೇಲಿನ ಮೂರು ಚೌಕಗಳಲ್ಲಿ ಎಳೆಯ ಸಸಿಗಳು ಒತ್ತೊತ್ತಾಗಿದ್ದವು. ಕೆಳಗಿನ ಎರಡರಲ್ಲಿ ಮೇಲಿನ ಚೌಕಗಳಷ್ಟೇ ದಪ್ಪದ ಮರಗಳಿದ್ದರೂ ಸಸಿ ಒಂದೂ ಇರಲಿಲ್ಲ, ಕಾಲಡಿಯ ನೆಲ ಬಿರುಸಾಗಿತ್ತು. ಹಳ್ಳದ ನೀರು ಮೊದಲು ಇಲ್ಲಿ ಹರಡಿ ನಿಲ್ಲುತ್ತಿತ್ತು, ಈಗ ಪಕ್ಕದ ಕೊರಕಲಿನಲ್ಲಿ ಓಡುತ್ತದೆ ಎಂದು ಅಜ್ಜ ಕೈ ತೋರಿಸಿದರು. ಈ ಕುಟುಂಬದ ಮರಗಳ ಬೀಜ ಒಣಗಿದರೆ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ರಾಗಿಯಂತೆ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಮಾತೇ ಇಲ್ಲ. ಮಂಗಟ್ಟೆ ಹಕ್ಕಿ ಬೀಜವನ್ನು ಎಷ್ಟು ದೂರ ಒಯ್ದು ಹಾಕಿದರೂ ಬಿದ್ದ ಜಾಗ ಹಸಿಯಾಗಿರಬೇಕು. ಮರಗಳ ಲೆಕ್ಕವನ್ನಷ್ಟೇ ನೋಡಿದ್ದರೆ ಈ ಐದೂ ಚೌಕಗಳು ಒಂದೇ ಕಾಡು ಎಂದು ನಾನು ಬರೆದುಬಿಡುತ್ತಿದ್ದೆ.

ವಾರದ ನಂತರ ಹಾಳೆಗಳನ್ನು ನೋಡಿದ ಮಾರ್ಗದರ್ಶಕರು ಕೆಳಗಿನ ಚೌಕಗಳ ಸಸಿಗಳ ಅಂಕಣ ಖಾಲಿ ಏಕೆ ಎಂದು ಕೇಳಿದರು. ಏನೂ ಇರಲಿಲ್ಲ, ಹಾಗಾಗಿ ಬರೆಯಲಿಲ್ಲ ಎಂದೆ. ಖಾಲಿ ಬಿಟ್ಟರೆ ನೋಡಿಲ್ಲ ಎಂದು ಅರ್ಥ, ಸೊನ್ನೆ ಬರೆದರೆ ನೋಡಿದೆ, ಸಿಗಲಿಲ್ಲ ಎಂದು ಅರ್ಥ, ಎಂದರು ಅವರು. ನೆನಪಿನಿಂದ ಸೊನ್ನೆ ತುಂಬಲು ಮನಸ್ಸಾಗದೆ ಮುಂದಿನ ಶನಿವಾರ ಬಸ್ಸು ಹತ್ತಿ ಮತ್ತೆ ಹೋದೆ. ಎರಡೂ ಚೌಕಗಳಲ್ಲಿ ಮಂಡಿಯೂರಿ ತರಗೆಲೆ ಸರಿಸಿ ಹುಡುಕಿ, ಆಮೇಲೆ ಸೊನ್ನೆ ಬರೆದೆ.