ಬಿಲ್ಲಿನಲ್ಲಿ ಕಾಣದ ನಾಲ್ಕು ದಿನ

ಬೀದಿನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡುವ ಒಂದು ಚಿಕ್ಕ ಸಂಸ್ಥೆಯಲ್ಲಿ ಏಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದರೆ ಪ್ರಾಣಿ ಸಂತಾನ ನಿಯಂತ್ರಣ) ಅಂತ ಎಲ್ಲರೂ ಕರೆಯುತ್ತಾರಲ್ಲ, ಅದೇ ಕೆಲಸ. ದುಡ್ಡು ಸರ್ಕಾರದ್ದು.

2023ರ ಎಬಿಸಿ ನಿಯಮದಲ್ಲಿ ಇದರ ಹೊಣೆ ನಗರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯ ಮೇಲಿದೆ. ಅವರು ಟೆಂಡರ್ ಕರೆಯುತ್ತಾರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪತ್ರ ಇದ್ದರೆ ಮಾತ್ರ ಕೆಲಸ ಮಾಡಬಹುದು. ಒಂದು ನಾಯಿಗೆ ಇಷ್ಟು ಅಂತ ದರ. ಅದು ಕೈಗೆ ಬರುವುದು ಕೆಲಸ ಆದ ಮೇಲೆ.

ಕೆಲಸ ಆಗಿದೆ ಅಂತ ಹೇಗೆ ನೋಡುತ್ತಾರೆ ಗೊತ್ತಾ? ತೆಗೆದ ಗರ್ಭಕೋಶ, ವೃಷಣಗಳನ್ನು ಕೊಳೆಯದಂತೆ ಫಾರ್ಮಾಲಿನ್ ದ್ರಾವಣದ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಈ ಕೆಲಸದ ಉಸ್ತುವಾರಿ ಸಮಿತಿಯವರು ಬಂದು ಒಂದೊಂದೇ ಎಣಿಸಿ ರಿಜಿಸ್ಟರಿಗೆ ತಾಳೆ ನೋಡುತ್ತಾರೆ. ಆಮೇಲೆ ಅದನ್ನು ಸುಟ್ಟು ಹಾಕಬೇಕು. ಹೊಸದರಲ್ಲಿ ಆ ವಾಸನೆಗೆ ನನಗೆ ಊಟ ಸೇರುತ್ತಿರಲಿಲ್ಲ. ಆದರೂ ಈ ಎಣಿಕೆ ಬೇಕೇ ಬೇಕು. ಇಲ್ಲದಿದ್ದರೆ ಕಾಗದದ ಮೇಲೆ ಎಷ್ಟು ನಾಯಿಗೆ ಬೇಕಾದರೂ ಆಪರೇಷನ್ ಆಗಿಬಿಡುತ್ತದೆ.

ಆದರೆ ಡಬ್ಬಿ ಹೇಳುವುದು ಕತ್ತರಿ ಹಾಕಿದ್ದನ್ನು ಮಾತ್ರ. ಗಾಯ ಮಾಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇದು ನನಗೆ ಅರ್ಥವಾಗಿದ್ದು ಒಂದು ಮಾರ್ಚ್ ತಿಂಗಳಲ್ಲಿ.

ಆ ವರ್ಷ ಎರಡು ತಿಂಗಳ ಬಿಲ್ ನಿಂತುಹೋಗಿತ್ತು. ಅಧಿಕಾರಿಗೆ ವರ್ಗ ಆಗಿ, ಹೊಸಬರು ಎಲ್ಲ ಫೋಟೋ ಮತ್ತೆ ಕೇಳಿದ್ದರು. ಔಷಧಿ ಅಂಗಡಿಯವರು ಸಾಲ ನಿಲ್ಲಿಸಿದ್ದರು. ಅಷ್ಟರಲ್ಲಿ ಅಧಿಕಾರಿಗಳ ಫೋನ್ ಬಂತು. ಮಾರ್ಚ್ 31ರೊಳಗೆ ಗುರಿ ಮುಟ್ಟಿಸಿ, ಇಲ್ಲದಿದ್ದರೆ ಉಳಿದ ಹಣ ವಾಪಸ್ ಹೋಗುತ್ತದೆ ಅಂದರು. ದಿನಕ್ಕೆ 8 ನಾಯಿ ಮಾಡುತ್ತಿದ್ದವರು 15ಕ್ಕೆ ಏರಿದೆವು. ಆ ಲೆಕ್ಕದ ಶೀಟ್ ಮಾಡಿದ್ದು ನಾನೇ. 15 ನಾಯಿ, 26 ದಿನ, ಅದಕ್ಕೆ ದರ. ಸಾಲ ಪೂರ್ತಿ ತೀರುತ್ತಿತ್ತು.

ಆ ಶೀಟಿನಲ್ಲಿ ನಾಯಿ ಇಡುವ ಗೂಡಿನ ಲೆಕ್ಕ ಇರಲಿಲ್ಲ. ನಮ್ಮ ಹತ್ತಿರ ಇದ್ದದ್ದು 40 ಗೂಡು. ಆಪರೇಷನ್‌ಗೆ ಮೊದಲು ನಾಯಿಯನ್ನು ರಾತ್ರಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಇಡಬೇಕು. ಆದ ಮೇಲೆ ಕನಿಷ್ಠ ನಾಲ್ಕು ದಿನ ನೋಡಿಕೊಳ್ಳಬೇಕು ಅಂತ ನಮ್ಮ ಡಾಕ್ಟರ್ ಮೊದಲಿಂದ ಹೇಳುತ್ತಿದ್ದರು. ಅಂದರೆ ಒಂದು ನಾಯಿ ಐದು ದಿನ ಗೂಡು ಹಿಡಿಯುತ್ತದೆ. 40ನ್ನು 5ರಿಂದ ಭಾಗಿಸಿ, ದಿನಕ್ಕೆ 8. ನಾವು ಮೊದಲು ಮಾಡುತ್ತಿದ್ದುದು ಅಷ್ಟೇ ಅಲ್ವಾ? ಮೂರನೇ ದಿನಕ್ಕೆ ಗೂಡು ತುಂಬಿತು. ಎರಡೇ ದಿನಕ್ಕೆ ಬಿಡಲು ಶುರು ಮಾಡಿದೆವು.

ವಾರದ ನಂತರ ತರಕಾರಿ ಮಾರ್ಕೆಟ್‌ನಿಂದ ಒಬ್ಬರು ಫೋನ್ ಮಾಡಿದರು. ಕಂದು ಬಣ್ಣದ ಹೆಣ್ಣುನಾಯಿ. ಹೊಲಿಗೆ ಬಿಚ್ಚಿ ಹುಳ ಬಿದ್ದಿತ್ತು. ಆಪರೇಷನ್ ಆದ ಗುರುತಿಗೆ ಕಿವಿಗೆ ಹಾಕುವ ಕಟ್ ಹಸಿಯಾಗಿಯೇ ಇತ್ತು. ಡಾಕ್ಟರ್ ಮತ್ತೆ ಹೊಲಿಗೆ ಹಾಕಿ 11 ದಿನ ಇಟ್ಟುಕೊಂಡರು, ಬದುಕಿತು. ನಾನು ರಿಜಿಸ್ಟರ್ ತೆಗೆದು ನೋಡಿದೆ. ಅದರ ಸಾಲಿನಲ್ಲಿ ನನ್ನ ಕೈಬರಹದಲ್ಲೇ ‘ಬಿಲ್ ಆಗಿದೆ’ ಅಂತ ಇತ್ತು. ಅವತ್ತು ಮನೆಗೆ ಹೋದರೂ ಆ ಸಾಲು ಕಣ್ಣ ಮುಂದಿಂದ ಹೋಗಲಿಲ್ಲ.

ಈಗ ನನ್ನ ಲೆಕ್ಕ ಗೂಡಿನಿಂದ ಶುರುವಾಗುತ್ತದೆ. ಟೆಂಡರ್ ಹಾಕುವ ಮೊದಲು ದರವನ್ನು ಬಿಡಿಸಿ ಬರೆಯುತ್ತೇನೆ: ಹಿಡಿಯುವುದು, ಆಪರೇಷನ್, ರೇಬೀಸ್ ಲಸಿಕೆ, ನಾಲ್ಕು ದಿನದ ಊಟ ಮತ್ತು ಆರೈಕೆ, ಹಿಡಿದ ಜಾಗದಲ್ಲೇ ವಾಪಸ್ ಬಿಡುವುದು. ಮೊದಲ ಸಲ ಬಿಡಿಸಿದಾಗ ಆರೈಕೆಯ ಖರ್ಚು ಆಪರೇಷನ್ ಖರ್ಚಿಗಿಂತ ಜಾಸ್ತಿ ಬಂತು. ಅಲ್ಲಿಯವರೆಗೆ ಅದನ್ನು ದೇಣಿಗೆಯಿಂದ ಸುಮ್ನೆ ತುಂಬಿಸುತ್ತಿದ್ದೆವು. ಆ ಖರ್ಚಿಗೆ ದರ ಸಾಲದ ಒಂದು ಟೆಂಡರ್ ಬಿಟ್ಟೆವು. ಸಂಬಳ ತಡವಾಯಿತು, ಆದರೂ ಬಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ರಿಜಿಸ್ಟರಿಗೆ ಒಂದು ಕಾಲಂ ಸೇರಿಸಿದ್ದೇನೆ. ಬಿಡುವ ದಿನ ಡಾಕ್ಟರ್ ಗಾಯ ನೋಡಿ ಸಹಿ ಹಾಕಬೇಕು. ಆ ಸಹಿ ಇಲ್ಲದ ನಾಯಿ, ಡಬ್ಬಿಯ ಎಣಿಕೆ ಸರಿ ಇದ್ದರೂ, ನನ್ನ ಬಿಲ್ಲಿಗೆ ಹೋಗುವುದಿಲ್ಲ.

ಕೇಂದ್ರ ಸರ್ಕಾರದ ಅನುದಾನ ಪಡೆಯುವವರಿಗೆ ಒಂದು ಮಾತು. ಅದಕ್ಕೆ ಬೇರೆ ಖಾತೆ ಇಡಿ. ಅದರ ಬಡ್ಡಿಯನ್ನೂ ಸರ್ಕಾರಕ್ಕೆ ವಾಪಸ್ ಕಟ್ಟಬೇಕು.

ಕೇಂದ್ರ ಸರ್ಕಾರದ ಪರಿಷ್ಕೃತ ಎಬಿಸಿ ಯೋಜನೆಯಲ್ಲಿ ನಾಯಿಗೆ 800 ರೂಪಾಯಿ, ಬೆಕ್ಕಿಗೆ 600 ರೂಪಾಯಿ ನೆರವು ಇದೆ. ಜನ ಈ 800ರ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು. ಸರ್ಕಾರಿ ಪಶು ಆಸ್ಪತ್ರೆಗಳಿಗೆ ಆಪರೇಷನ್ ಕೋಣೆ, ಗೂಡು, ಆರೈಕೆ ವಿಭಾಗ ಕಟ್ಟಲು ಒಂದೇ ಬಾರಿಯ ಅನುದಾನವಾಗಿ 2 ಕೋಟಿ ರೂಪಾಯಿವರೆಗೆ ಕೊಡುತ್ತಾರೆ. ನಾಲ್ಕು ದಿನ ನಿಲ್ಲಲು ಜಾಗವೇ ಇಲ್ಲದ ಊರಿನಲ್ಲಿ ದರ ಎಷ್ಟು ಏರಿಸಿದರೂ ನಾಯಿ ಎರಡನೇ ದಿನಕ್ಕೇ ಬೀದಿಗೆ ಬರುತ್ತದೆ.

ಈ ಸಲ ನಮ್ಮೂರಿನ ಬಜೆಟ್ ಪೂರ್ವಭಾವಿ ಸಭೆಗೆ ನಾನೂ ಹೋಗಿದ್ದೆ. ನಾಯಿ ಕಾಟದ ಬಗ್ಗೆ ತುಂಬ ಜನ ಮಾತಾಡಿದರು. ಮಕ್ಕಳನ್ನು ಒಬ್ಬರನ್ನೇ ಶಾಲೆಗೆ ಕಳಿಸಲು ಹೆದರುವ ತಾಯಂದಿರಿದ್ದರು, ಅವರ ಭಯ ನಿಜವಾದದ್ದು. ನಾನು 20 ಗೂಡು ಕೇಳಿದೆ. ದಿನಕ್ಕೆ ನಾಲ್ಕು ಆಪರೇಷನ್ ಜಾಸ್ತಿ ಆಗುತ್ತದೆ ಅಂತ ಶೀಟ್ ತೋರಿಸಿದೆ. 12 ಕೊಡುತ್ತೇವೆ ಅಂದಿದ್ದಾರೆ. ಲಿಖಿತ ಆದೇಶಕ್ಕೆ ಕಾಯುತ್ತಿದ್ದೇವೆ.