ಬರೋಕೆ 6 ಗಂಟೆ, ಹೋಗೋಕೆ 15 ಗಂಟೆನಾ?

ಅಪ್ಪ ಅಮ್ಮ ಮೊದಲ ಸಲ ನನ್ನ ಮನೆಗೆ, ಅಂದರೆ ಇಂಗ್ಲೆಂಡಿನ ರೆಡಿಂಗ್‌ಗೆ ಹೊರಟಾಗ ಟಿಕೆಟ್ ವಾಟ್ಸಾಪ್‌ನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಅಮ್ಮನ ಫೋನು. "ಏನೋ ಇದು, ಬೆಂಗಳೂರು ಬೆಳಗ್ಗೆ 7ಕ್ಕೆ ಬಿಟ್ಟು ಲಂಡನ್‌ಗೆ ಮಧ್ಯಾಹ್ನ 1ಕ್ಕೇ ಬರತ್ತಂತೆ. ವಾಪಸ್ ಬರೋವಾಗ ಮಧ್ಯಾಹ್ನ 2ಕ್ಕೆ ಹೊರಟರೆ ಮಾರನೇ ದಿನ ಬೆಳಗ್ಗೆ ಐದೂಕಾಲು. ಹದಿನೈದು ಗಂಟೆ ಕೂರೋಕೆ ಅಪ್ಪನ ಮಂಡಿಗೆ ಆಗತ್ತೇನೋ?"

ಟಿಕೆಟ್‌ನಲ್ಲಿ ಇರೋದು ಆಯಾ ಊರಿನ ಗಡಿಯಾರದ ಹೊತ್ತು. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೇ ಭಾನುವಾರ ಅದನ್ನು ಇನ್ನೂ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಅಲ್ಲಿಗೆ ಐದೂವರೆ. ಅವರು ಬರೋದು ಜೂನ್‌ನಲ್ಲಿ, ಹೊರಡೋದು ಡಿಸೆಂಬರ್ ಮೊದಲ ವಾರ, ಯಾಕಂದ್ರೆ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳಷ್ಟೇ ಇರಬಹುದು. ಹಾಗಾಗಿ ಬರೋಕೆ ಹತ್ತೂವರೆ ಗಂಟೆ, ಹೋಗೋಕೆ ಒಂಬತ್ತೂಮುಕ್ಕಾಲು.

"ದಾರಿ ಒಂದೇ ಅಲ್ವಾ, ಮತ್ತೆ ಮುಕ್ಕಾಲು ಗಂಟೆ ಎಲ್ಲಿ ಹೋಯ್ತು?" ಅಂದರು ಅಪ್ಪ. ನಲವತ್ತು ವರ್ಷ ಲೆಕ್ಕ ಬರೆದವರು, ಸುಮ್ನೆ ಬಿಡಲ್ಲ.

ಅದು ಗಾಳಿಯ ಕೆಲಸ. ವಿಮಾನ ಹಾರೋ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತೆ, ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಅದರ ರಭಸ ಇನ್ನೂ ಜಾಸ್ತಿ, ಗಂಟೆಗೆ 200 ಕಿ.ಮೀ. ದಾಟೋದೂ ಉಂಟು. ಲಂಡನ್ ಕಡೆ ಬರುವಾಗ ಅದು ಎದುರುಗಾಳಿ, ಊರಿಗೆ ಹೋಗುವಾಗ ಬೆನ್ನಿಗೆ ಕೈಕೊಟ್ಟು ತಳ್ಳೋ ಗಾಳಿ. ನೇರ ಅಳೆದರೆ ಎರಡೂ ಊರಿಗೆ ಸುಮಾರು 8,000 ಕಿ.ಮೀ. ಆದರೆ ನೇರ ಹೋಗೋಕೆ ಬಿಡಬೇಕಲ್ಲ! ಉಕ್ರೇನ್ ಆಕಾಶ 2022ರ ಫೆಬ್ರವರಿಯಲ್ಲಿ ಮುಚ್ಚಿತು, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ಕಂಪನಿಗಳ ವಿಮಾನಗಳಿಗೆ ದಾರಿ ಮುಚ್ಚಿತು. ಸುತ್ತಿಕೊಂಡೇ ಹೋಗಬೇಕು.

ಅಪ್ಪ ಬಂದಿಳಿದವರೇ ಜೇಬಿಂದ ಪುಟ್ಟ ಡೈರಿ ತೆಗೆದು ತೋರಿಸಿದರು. ಮುಂದಿನ ಸೀಟಿನ ಪರದೆ ನೋಡಿ ಗಂಟೆಗೊಮ್ಮೆ ವೇಗ ಬರೆದುಕೊಂಡಿದ್ದರು, 840, 855, 830. ನಿದ್ದೆನೇ ಮಾಡಿಲ್ಲ.

ಈ ಹತ್ತೂವರೆ ಗಂಟೆಯಲ್ಲಿ ಮೈಸೂರಿಂದ ದೇವನಹಳ್ಳಿವರೆಗಿನ ಬಸ್ಸು, ಮೂರು ಗಂಟೆ ಮೊದಲೇ ಹೋಗಿ ಕಾಯೋದು, ಹೀಥ್ರೂ ಇಮಿಗ್ರೇಶನ್ ಸಾಲು ಯಾವುದೂ ಸೇರಿಲ್ಲ. ಊರಲ್ಲಿ ಮನೆಗೆ ಬೀಗ ಹಾಕಿದ್ದು ರಾತ್ರಿ ಒಂಬತ್ತೂವರೆಗೆ. ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಅಮ್ಮನ ವಾಚಿನಲ್ಲಿ ಮಾರನೇ ರಾತ್ರಿ ಎಂಟು. ಇಲ್ಲಿ ಮಧ್ಯಾಹ್ನ ಮೂರೂವರೆ, ಹೊರಗೆ ಚುರುಗುಟ್ಟೋ ಬಿಸಿಲು. "ದೀಪ ಹಚ್ಚೋ ಹೊತ್ತು ಮೀರಿಹೋಯ್ತಲ್ಲೋ" ಅಂತ ಬೆಂಕಿಪೊಟ್ಟಣ ಹುಡುಕಿದರು. ಆ ವಾಚನ್ನು ಆರು ತಿಂಗಳೂ ತಿರುಗಿಸಲಿಲ್ಲ. ತಂಗಿ ಈಗ ಆಫೀಸಿಂದ ಬಂದಿರ್ತಾಳೆ, ಹಾಲಿನವನು ಬಂದಿರ್ತಾನೆ ಅಂತ ಅದನ್ನೇ ನೋಡಿ ಹೇಳೋರು.

ಡಿಸೆಂಬರ್‌ನಲ್ಲಿ ಹೀಥ್ರೂವರೆಗೆ ಹೋಗಿ ಬಿಟ್ಟು ಬಂದೆ. ಮನೆ ಖಾಲಿ ಖಾಲಿ. ರಾತ್ರಿ ಹನ್ನೊಂದೂವರೆಗೆ ಫೋನು ಬಡಿದುಕೊಂಡಿತು. ಅಲ್ಲಿ ಬೆಳಗ್ಗೆ ಐದು.

"ಹದಿನೈದು ನಿಮಿಷ ಮುಂಚೇನೇ ಇಳಿದ್ವಿ ಕಣೋ" ಅಂದರು ಅಮ್ಮ. "ಗಾಳಿ ಚೆನ್ನಾಗಿ ತಳ್ಳಿದೆ. ಒಂದು ಸಲ 1,020 ಬಂತಂತೆ, ಅಪ್ಪ ಬರ್ಕೊಂಡಿದಾರೆ."