ರೀಡಿಂಗ್ ರೂಮ್ ರಾತ್ರಿ ಹತ್ತರವರೆಗೆ, ನಮ್ಮ ಗೇಟ್ ಏಳೂವರೆಗೆ

ನನ್ನ ತಂಗಿ ಹಾಸನ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದಾಳೆ. ನಾನು ಓದಿದ್ದೂ ಅದೇ ಕಾಲೇಜು, ಅದೇ ಇತಿಹಾಸ. ಆದರೂ ನಾನು ಜೋಪಾನವಾಗಿ ಎತ್ತಿಟ್ಟಿದ್ದ ನೋಟ್ಸು, ಪಠ್ಯಪುಸ್ತಕ ಅವಳಿಗೆ ಹೆಚ್ಚೇನೂ ಉಪಯೋಗಕ್ಕೆ ಬರಲಿಲ್ಲ. ನಾನು 2021ರಲ್ಲಿ ಸೇರಿದವಳು, ಪದವಿಗೆ ನಾಲ್ಕನೇ ವರ್ಷ ಸೇರಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚು. ಇಡೀ ದೇಶದಲ್ಲೇ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು ಎಂದು ಆಗ ಭಾಷಣಗಳಾದವು. ಮುಂದೆ ಸರ್ಕಾರ ಬದಲಾಯಿತು, ರಾಜ್ಯಕ್ಕೆ ಬೇರೆ ಶಿಕ್ಷಣ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗ ಬಂತು, ಅದರ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಆದೇಶವಾಯಿತು. ತಂಗಿ ಸೇರಿದ್ದು ಆ ವರ್ಷವೇ. ನನಗೆ ಎರಡು ಮುಖ್ಯ ವಿಷಯ, ಜೊತೆಗೆ ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಒಂದು ವಿಷಯ, ಅಂದರೆ ಓಪನ್ ಎಲೆಕ್ಟಿವ್ ಇತ್ತು. ಅವಳಿಗೆ ಹಳೇ ಕಾಲದಂತೆ ಮೂರು ಐಚ್ಛಿಕ ವಿಷಯ. ಒಂದೇ ಮನೆಯ ಒಂದೇ ಕಪಾಟಿನಲ್ಲಿ ಎರಡು ಪಠ್ಯಕ್ರಮ.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನನಗೆ ಅಭಿಪ್ರಾಯವಿದೆ. ಓಪನ್ ಎಲೆಕ್ಟಿವ್ ನನಗೆ ಇಷ್ಟವಾಗಿತ್ತು. ಒಂದು ಸೆಮಿಸ್ಟರ್ ವಾಣಿಜ್ಯ ವಿಭಾಗದ ಮೇಡಂ ಬಳಿ ಹಣಕಾಸಿನ ಲೆಕ್ಕ ಕಲಿತೆ. ಅಪ್ಪ ಸೊಸೈಟಿಯಲ್ಲಿ ಮಾಡಿದ ಬೆಳೆ ಸಾಲದ ಪಾಸ್‌ಬುಕ್ಕಿನಲ್ಲಿ ಅಸಲು ಯಾವುದು, ಬಡ್ಡಿ ಯಾವುದು ಎಂದು ನನಗೆ ತಿಳಿದದ್ದು ಆ ತರಗತಿಯಿಂದಲೇ. ಅದನ್ನು ಉಳಿಸಿಕೊಳ್ಳಬೇಕಿತ್ತು. ನಾಲ್ಕನೇ ವರ್ಷದ ಆನರ್ಸ್ ಬಗ್ಗೆ ಮಾತ್ರ ನನಗೆ ಮೊದಲಿನಿಂದಲೂ ಒಪ್ಪಿಗೆ ಇರಲಿಲ್ಲ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಗಳ ಓದಿಗೆ ಇನ್ನೊಂದು ವರ್ಷ ಕೇಳುವುದೆಂದರೆ ಮನೆ, ನೆಂಟರು, ಗಂಡಿನ ಕಡೆಯಿಂದ ಬಂದ ಸಂಬಂಧ ಎಲ್ಲವನ್ನೂ ಇನ್ನೊಂದು ವರ್ಷ ತಡೆದು ನಿಲ್ಲಿಸುವುದು. ಒಂದು ವರ್ಷಕ್ಕೇ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಎಂಬ ವ್ಯವಸ್ಥೆ ಇನ್ನೂ ಅಪಾಯದ್ದು. ಮಗಳನ್ನು ಮಧ್ಯದಲ್ಲೇ ಬಿಡಿಸಬೇಕೆಂದಿರುವ ಮನೆಗೆ ಅದು ಒಂದು ಒಳ್ಳೆಯ ಕಾರಣ ಕೊಟ್ಟಂತಾಗುತ್ತದೆ. ಹೀಗಾಗಿ ಮೂರು ವರ್ಷಕ್ಕೆ ಮರಳಿದ್ದು ನನ್ನ ಮಟ್ಟಿಗೆ ಸರಿ.

ಆದರೆ ನಾಲ್ಕಕ್ಕೆ ಹೋದಾಗಲೂ, ಮೂರಕ್ಕೆ ಬಂದಾಗಲೂ ನಮ್ಮನ್ನು ಯಾರೂ ಕೇಳಲಿಲ್ಲ. ನಡುವಿನ ಮೂರು ಬ್ಯಾಚಿನವರಿಗೆ ನಾಲ್ಕನೇ ವರ್ಷದ ಅವಕಾಶ ಆದೇಶದಲ್ಲಿ ಉಳಿಯಿತು. ನಮ್ಮ ಕಾಲೇಜಿನಲ್ಲಿ ಅದನ್ನು ಓದಿಸುವ ಏರ್ಪಾಡೇ ಇರಲಿಲ್ಲ. ವಿಚಾರಿಸಲು ಹೋದರೆ ಆಫೀಸಿನಲ್ಲಿ, "ಇನ್ನೂ ಸುತ್ತೋಲೆ ಬಂದಿಲ್ಲಮ್ಮ, ಆಮೇಲೆ ಬಾ" ಎನ್ನುತ್ತಿದ್ದರು. ಹಾಗೆ ಕಾಯುವಾಗ ಎಂಎ ಅರ್ಜಿಯ ದಿನ ಹತ್ತಿರ ಬಂತು. ಬಹಳಷ್ಟು ಜನ ಎಂಎಗೆ ಬಂದೆವು, ಕೆಲವರು ಮದುವೆಯಾದರು, ಕೆಲವರು ಬಿಎಡ್‌ಗೆ ಹೋದರು.

ನೀತಿಯ ಈ ಜಗಳದಲ್ಲಿ ಪಾಠ ಮಾಡುವವರ ವಿಷಯವೇ ಹಿಂದೆ ಸರಿದುಬಿಟ್ಟಿತು. ನನ್ನ ಐದನೇ ಸೆಮಿಸ್ಟರಿನಲ್ಲಿ, 2023ರ ನವೆಂಬರ್ ಕೊನೆಯ ಹೊತ್ತಿಗೆ, ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದರು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅವುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಅವರು ಹೊರಗೆ ಕೂತರೆ ಕಾಲೇಜು ಎಷ್ಟು ಉಳಿಯುತ್ತದೆ ಎಂದು ನಾವು ಕಣ್ಣಾರೆ ಕಂಡೆವು. ಇತಿಹಾಸಕ್ಕೆ ಕಾಯಂ ಉಪನ್ಯಾಸಕರು ಒಬ್ಬರೇ, ಅವರಿಗೆ ಪರೀಕ್ಷಾ ವಿಭಾಗದ ಕೆಲಸವೂ ಇತ್ತು. ಹುಡುಗಿಯರು ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಬಂದು, ಖಾಲಿ ಬೋರ್ಡ್ ನೋಡಿಕೊಂಡು ಕೂತು, ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದರು. ನಮ್ಮ ಪದ್ಧತಿಯಲ್ಲಿ ನೂರಕ್ಕೆ 40 ಅಂಕ ಆಂತರಿಕ ಮೌಲ್ಯಮಾಪನದ್ದು. ಟೆಸ್ಟು, ಅಸೈನ್‌ಮೆಂಟು, ಸೆಮಿನಾರು ಎಲ್ಲ ಅದರಲ್ಲೇ. ವಿದ್ಯಾರ್ಥಿಯನ್ನು ದಿನವೂ ನೋಡುವ ಮೇಷ್ಟ್ರೇ ಅದನ್ನು ಕೊಡಬೇಕು. ಅಷ್ಟು ಅಂಕ ತರಗತಿಯ ಮೇಲೆ ಇಟ್ಟು, ತರಗತಿಯಲ್ಲಿ ನಿಲ್ಲುವವರನ್ನು ವರ್ಷಕ್ಕೊಮ್ಮೆ ತೆಗೆದು ವರ್ಷಕ್ಕೊಮ್ಮೆ ಸೇರಿಸಿಕೊಳ್ಳುವುದು ಹೇಗೆ ನಡೆಯುತ್ತದೆ?

ನಮಗೆ ಮಧ್ಯಕಾಲೀನ ಕರ್ನಾಟಕ ಪಾಠ ಮಾಡುತ್ತಿದ್ದ ಸರ್ ಕೂಡ ಅತಿಥಿ ಉಪನ್ಯಾಸಕರೇ. ಪಿಎಚ್‌ಡಿ ಆಗಿದೆ, ತಲೆ ನರೆತಿದೆ. ಹೊಯ್ಸಳರ ಅಗ್ರಹಾರದ ಪಾಠ ಬಂದರೆ ಬೋರ್ಡಿನ ಮೇಲೆ ಕೆರೆ, ತೂಬು, ದೇವಸ್ಥಾನ, ಬೀದಿ ಎಲ್ಲ ಬರೆದು, "ಇದು ನಿಮ್ಮೂರೇ ಕಣ್ರೋ, ಹೋಗಿ ನೋಡಿ" ಎನ್ನುತ್ತಿದ್ದರು. ನಾನು ಇವತ್ತು ಎಂಎ ಇತಿಹಾಸದಲ್ಲಿ ಇರುವುದು ಅವರಿಂದ. 2024ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೋದಾಗ ಅವರೂ ಹೋಗಿದ್ದರು. ಗೌರವಧನ ಸ್ವಲ್ಪ ಏರಿತು, ಮುಖ್ಯ ಬೇಡಿಕೆ ಹಾಗೇ ಉಳಿಯಿತು. ಆ ಮುಷ್ಕರದಿಂದ ನಮ್ಮ ಪಾಠ ಹೋಯಿತು ನಿಜ. ಅವರ ಮೇಲೆ ನನಗೆ ಒಂದು ಕ್ಷಣವೂ ಸಿಟ್ಟು ಬಂದಿಲ್ಲ. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದೆ, ಮುಂದಿನ ವರ್ಷ ಕಾರ್ಯಭಾರ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದೆ ಇಷ್ಟು ಚೆನ್ನಾಗಿ ಪಾಠ ಮಾಡಿದವರು ಅವರು. ಆಮೇಲೆ ನಮಗೆ ಹಾಜರಿ ಶಾರ್ಟೇಜ್ ನೋಟಿಸ್ ಅಂಟಿಸಿದವರ ಮೇಲೆ ಮಾತ್ರ ಸಿಟ್ಟಿತ್ತು. ನಡೆಯದ ತರಗತಿಗೆ ಯಾವ ಹಾಜರಿ?

ಈಗ ನಾನಿರುವುದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಇಲ್ಲಿ ಮರಗಳಿವೆ, ಒಳ್ಳೆಯ ಅಧ್ಯಾಪಕರಿದ್ದಾರೆ, ದೊಡ್ಡ ಗ್ರಂಥಾಲಯವಿದೆ. ಮೆಸ್ಸಿನಲ್ಲಿ ವಾರಕ್ಕೊಂದು ದಿನ ಮುದ್ದೆ ಬಸ್ಸಾರು ಮಾಡುತ್ತಾರೆ, ಆ ದಿನ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನನ್ನ ತಕರಾರು ಗೇಟಿನದು.

ಗ್ರಂಥಾಲಯದ ರೀಡಿಂಗ್ ರೂಮ್ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ನಮ್ಮ ಹಾಸ್ಟೆಲ್ ಗೇಟ್ ಏಳೂವರೆಗೆ ಹಾಕುತ್ತಾರೆ. ಹುಡುಗರ ಹಾಸ್ಟೆಲಿಗೆ ಅಂಥ ಸಮಯವಿಲ್ಲ. ಏಳು ಗಂಟೆಗೆ ನಾವು ಎದ್ದು ಚೀಲ ಜೋಡಿಸಿಕೊಳ್ಳಲು ಶುರು ಮಾಡುತ್ತೇವೆ, ಎದುರಿಗೆ ಕೂತ ನಮ್ಮ ಕ್ಲಾಸಿನ ಹುಡುಗರು ಪುಟ ತಿರುವುತ್ತಿರುತ್ತಾರೆ. ಗೇಟಿನ ಹತ್ತಿರ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್. ಹೆಸರು, ಕೋಣೆ ಸಂಖ್ಯೆ, ಬಂದ ಸಮಯ, ಸಹಿ. ಏಳೂವರೆ ದಾಟಿದರೆ ಕೆಂಪು ಶಾಯಿ, ಕೆಂಪು ಶಾಯಿ ಹೆಚ್ಚಾದರೆ ಮನೆಗೆ ಫೋನ್.

ನನ್ನ ಕಿರುಪ್ರಬಂಧ ಅರಸೀಕೆರೆ ತಾಲ್ಲೂಕಿನ ವೀರಗಲ್ಲುಗಳ ಮೇಲೆ. ಅದಕ್ಕೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ ಬೇಕೇ ಬೇಕು. ಬಿ.ಎಲ್. ರೈಸ್ ಅವರ 1902ರ ಮುದ್ರಣವನ್ನೂ, ನಂತರ ಪರಿಷ್ಕರಿಸಿದ ಸಂಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಪಾಠ ಹೋಲಿಸಬೇಕು. ಎರಡೂ ಪರಾಮರ್ಶನ ವಿಭಾಗದ ಪುಸ್ತಕಗಳು, ಹೊರಗೆ ಕೊಡುವುದಿಲ್ಲ. ಪಿಡಿಎಫ್ ಇದೆಯಲ್ಲ ಎನ್ನುವವರು ಒಮ್ಮೆ ಮೊಬೈಲಿನಲ್ಲಿ ಹಳೇ ಸ್ಕ್ಯಾನ್ ತೆಗೆದು ಒತ್ತಕ್ಷರ ಗುರುತಿಸಿ ನೋಡಲಿ. ಹಗಲಿಡೀ ತರಗತಿ, ಸಂಜೆ ಐದಕ್ಕೆ ಬಿಡುವು. ಪುಸ್ತಕ ಕೈಗೆ ಬಂದು, ಹಿಂದಿನ ದಿನ ಎಲ್ಲಿ ಬಿಟ್ಟೆ ಎಂದು ಹುಡುಕಿ, ಒಂದೆರಡು ಶಾಸನ ಓದುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ಇದೇ ವಿಷಯಕ್ಕೆ ಹತ್ತಿರದ ವಿಷಯ ತೆಗೆದುಕೊಂಡಿರುವ ಸಹಪಾಠಿ ಹುಡುಗನಿಗೆ ಪ್ರತಿ ರಾತ್ರಿ ಎರಡೂವರೆ ಗಂಟೆ ಹೆಚ್ಚು. ಪರೀಕ್ಷೆ, ವೈವಾ, ಉಪನ್ಯಾಸಕರಾಗಲು ಬರೆಯುವ ನೆಟ್, ಕೆಸೆಟ್ ಎಲ್ಲ ಇಬ್ಬರಿಗೂ ಒಂದೇ.

ಇದು ನನ್ನೊಬ್ಬಳ ಹಟ ಅಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ ನಿಯಮಾವಳಿ 2016ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಹುಡುಗಿಯರ ಸುರಕ್ಷತೆಯ ಕಾರಣ ಕೊಟ್ಟು, ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಹಾಸ್ಟೆಲ್‌ಗಳಲ್ಲಿ ಹೇರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದರ ಹಿಂದಿನ ವರ್ಷವಷ್ಟೇ ದೆಹಲಿಯ ಹುಡುಗಿಯರು ಪಿಂಜ್ರಾ ತೋಡ್, ಅಂದರೆ ಪಂಜರ ಮುರಿ ಎಂದು ಹಾಸ್ಟೆಲ್ ಕರ್ಫ್ಯೂ ವಿರುದ್ಧ ಬೀದಿಗಿಳಿದಿದ್ದರು. ನಿಯಮ ಬಂದು ಇಷ್ಟು ವರ್ಷವಾದರೂ ನಮ್ಮ ಗೇಟಿನ ಬೀಗಕ್ಕೆ ಅದು ಗೊತ್ತಾಗಿಲ್ಲ.

ವಾರ್ಡನ್ ಮೇಡಂ ಕೆಟ್ಟವರಲ್ಲ. ನಾವು ಕೆಲವರು ಹೋಗಿ ಕೇಳಿದಾಗ, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮಪ್ಪ ಕೇಳೋದು ನನ್ನನ್ನ ಕಣಮ್ಮ" ಎಂದರು. ಆ ಭಯ ನಿಜವೇ. ಗ್ರಂಥಾಲಯದಿಂದ ಹಾಸ್ಟೆಲಿಗೆ ಬರುವ ದಾರಿಯಲ್ಲಿ ನೀಲಗಿರಿ ತೋಪಿನ ಪಕ್ಕ ಬೀದಿ ದೀಪಗಳು ಕೆಟ್ಟಿವೆ, ಕಾವಲುಗಾರರೂ ಇಲ್ಲ. ಹಾಗಿದ್ದರೆ ದೀಪ ಹಾಕಿಸಬೇಕು, ಒಬ್ಬ ಕಾವಲುಗಾರರನ್ನು ನಿಲ್ಲಿಸಬೇಕು. ಅಪ್ಪನಿಗೆ ಫೋನಿನಲ್ಲಿ ಈ ಮಾತು ಹೇಳಿದೆ. "ಓದಕ್ಕೆ ತಾನೇ ಕಳ್ಸಿರೋದು, ಲೈಬ್ರರೀಲಿ ಕೂತ್ರೆ ಏನಂತೆ? ಎಲ್ಲಿ ಸೈನ್ ಹಾಕ್ಬೇಕು ಹೇಳು, ಹಾಕ್ತೀನಿ" ಎಂದರು. ಅಪ್ಪಂದಿರ ಹೆಸರಿನಲ್ಲಿ ಮಾಡಿದ ನಿಯಮಕ್ಕೆ ಅಪ್ಪಂದಿರನ್ನೂ ಕೇಳಿಲ್ಲ.

ಈ ಮಾತನ್ನು ನಮ್ಮ ಪರವಾಗಿ ಒಯ್ಯುವವರು ಯಾರು? ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1980ರ ದಶಕದ ಕೊನೆಯಲ್ಲೇ ನಿಂತುಹೋಗಿದೆ. ಆಗ ಹೊಡೆದಾಟಗಳು ನಡೆಯುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2006ರಲ್ಲಿ. ಖರ್ಚಿಗೆ ಮಿತಿ, ವಯಸ್ಸಿಗೆ ಮಿತಿ, ಅಭ್ಯರ್ಥಿಗೆ ಹಾಜರಿ, ಎಲ್ಲಕ್ಕೂ ಅದರಲ್ಲಿ ನಿಯಮವಿದೆ. ಪಕ್ಕದ ಕೇರಳದಲ್ಲಿ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಚುನಾವಣೆ ನಡೆಯುತ್ತದೆ. ಹದಿನೆಂಟು ತುಂಬಿದ ನಾವು ಶಾಸಕರನ್ನು, ಸಂಸದರನ್ನು ಆರಿಸಬಹುದು, ಹಾಸ್ಟೆಲ್ ಸಮಿತಿಗೆ ಒಬ್ಬಳನ್ನು ಆರಿಸುವಂತಿಲ್ಲ. ನಮ್ಮ ಕ್ಲಾಸ್ ಪ್ರತಿನಿಧಿಯನ್ನು ವಿಭಾಗದವರೇ ಹೆಸರಿಸುತ್ತಾರೆ. ಚುನಾವಣೆ ಮತ್ತೆ ತರುವ ಮಾತು ಈಗ ಸರ್ಕಾರದ ಮಟ್ಟದಲ್ಲಿ ಕೇಳಿಬರುತ್ತಿದೆ. ಪಕ್ಷಗಳ ಬಾವುಟ ಹಿಡಿದು ಬಂದರೂ ಸರಿ, ಬರಲಿ ಎನ್ನುವವಳು ನಾನು. ಇವತ್ತು ಬಾವುಟ ಇಲ್ಲದೆಯೂ ನಮ್ಮ ಮಾತು ಎಲ್ಲಿಗೂ ಮುಟ್ಟುತ್ತಿಲ್ಲ.

ಚುನಾವಣೆ ಬರುವತನಕ ಕಾಯುವ ಹಾಗಿಲ್ಲ, ನಾಲ್ಕನೇ ಸೆಮಿಸ್ಟರ್ ನಡೆಯುತ್ತಿದೆ. ಹಾಸ್ಟೆಲಿನ ಹುಡುಗಿಯರು ಸಹಿ ಹಾಕಿದ ಮನವಿಯನ್ನು ಯುಜಿಸಿ ನಿಯಮದ ಪ್ರತಿಯ ಜೊತೆ ಕುಲಸಚಿವರ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ. ಗೇಟ್ ಹತ್ತೂವರೆಗೆ ಆಗಬೇಕು, ದಾರಿಯ ದೀಪ ಹತ್ತಬೇಕು, ಗ್ರಂಥಾಲಯ ಮುಚ್ಚುವ ಹೊತ್ತಿಗೆ ಒಬ್ಬ ಕಾವಲುಗಾರರು ಜೊತೆಗೆ ನಡೆದು ಬರಬೇಕು. ಮನೆಯವರ ಒಪ್ಪಿಗೆ ಬೇಕೆಂದರೆ ಅಪ್ಪಂದಿರು, ಅಮ್ಮಂದಿರು ಸಹಿ ಹಾಕಲು ಸಿದ್ಧರಿದ್ದಾರೆ. ಸೋಮವಾರ ಮತ್ತೆ ಕಚೇರಿಗೆ ಹೋಗುತ್ತಿದ್ದೇವೆ. ಇದನ್ನು ಓದಿದ ನಮ್ಮ ಕ್ಯಾಂಪಸ್ಸಿನ ಹುಡುಗರೂ ಬಂದರೆ ಒಳ್ಳೆಯದು, ಹನ್ನೊಂದು ಗಂಟೆಗೆ.